ಅಂಚೆಚೀಟಿಯ ವ್ಯಾಸಂಗವೂ ಅಂಚೆಯ ಇತಿಹಾಸವೂ

೧

ಶಾಸನ, ನಾಣ್ಯ, ಓಲೆಯ ಪ್ರತಿ, ಕಡತ ಇವು ಚರಿತ್ರಕಾರನ ಮುಖ್ಯ ಆಧಾರಗಳೆಂಬುದು ಸರ್ವವಿದಿತವಾದ ವಿಷಯ. ಆದರೆ ಈ ಆಧಾರಗಳಲ್ಲಿ ಕೆಲವು, ವಿದ್ವಾಂಸರ ಪರಿಶೀಲನೆಗೆ ಒಳಗಾಗುವುದಕ್ಕೆ ಬಹಳ ಮುಂಚೆ, ಕುತೂಹಲಿಗಳ ಪೆಟ್ಟಿಗೆಗಳಲ್ಲಿ ಇದ್ದವು. ಹಳೆಯ ನಾಣ್ಯಗಳನ್ನು ಕೂಡಿಹಾಕುವುದು ಯೂರೋಪಿನಲ್ಲಿ ದೀರ್ಘಕಾಲ ಸಿರಿವಂತರ ವಿನೋದವಾಗಿದ್ದು, ಅನಂತರ ನಾಣ್ಯಶಾಸ್ತ್ರವೆಂಬ ಹೆಸರನ್ನು ಪಡೆಯಿತು. ಅಂಚೆಚೀಟಿಗಳ ಸಂಗ್ರಹವೂ ಇದೇ ದಾರಿಯಲ್ಲಿ ನಡೆದುಬಂದಿದೆ. ಅದನ್ನು ಬಾಲಕರ ಆಟವೆಂದು ಅಲ್ಲಗಳೆಯುವವರ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಸಂಗ್ರಾಹಕರಲ್ಲಿ ಹೆಚ್ಚಿನವರು ಬಣ್ಣವನ್ನೂ ಚಿತ್ರವನ್ನೂ ಬೆಲೆಯನ್ನೂ ನೋಡಿ ತೃಪ್ತರಾಗುವವರೇ. ಆದರೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಕೆಲವರು ಇದನ್ನು ಕ್ರಮಬದ್ಧವಾದ ವ್ಯಾಸಂಗವನ್ನಾಗಿ ಮಾಡಿ, ತಮ್ಮದೇ ಆದ ಸಾಧನಗಳನ್ನೂ ಪತ್ರಿಕೆಗಳನ್ನೂ ಸಂಘಗಳನ್ನೂ ಪ್ರಮಾಣವಿಚಾರವನ್ನೂ ಬೆಳೆಸಿದರು.

ಈ ವ್ಯಾಸಂಗಕ್ಕೆ ‘ಫಿಲಾಟೆಲಿ’ ಎಂಬ ಹೆಸರನ್ನು ೧೮೬೪ರಲ್ಲಿ ಇಟ್ಟವನು ಜಾರ್ಜ್ ಎರ್ಪಿನ್ ಎಂಬ ಫ್ರೆಂಚ್ ಸಂಗ್ರಾಹಕ. ಪ್ರೀತಿ ಎಂಬರ್ಥದ ಒಂದು ಗ್ರೀಕ್ ಶಬ್ದಕ್ಕೆ, ಸುಂಕದಿಂದ ವಿನಾಯಿತಿ ಎಂಬರ್ಥದ ಇನ್ನೊಂದನ್ನು ಸೇರಿಸಿ ಅವನು ಈ ಸಮಾಸವನ್ನು ಕಟ್ಟಿದನು. ಚೀಟಿ ಅಂಟಿಸಿದ ಕಾಗದವನ್ನು ಪಡೆಯುವವನು ಹಣ ತೆರಬೇಕಾಗಿಲ್ಲವೆಂಬುದೇ ಇದರ ಭಾವ. ಹೆಸರಿನಲ್ಲಿಯೇ ಅಂಚೆಯ ಆರ್ಥಿಕ ಚರಿತ್ರೆಯ ಒಂದು ಘಟ್ಟ ಅಡಗಿದೆ. ಈ ವ್ಯಾಸಂಗದ ಕ್ರಮವೇನು, ಅದರಿಂದ ಇತಿಹಾಸಕ್ಕೆ ದೊರೆತ ಫಲವೇನು, ಅದರ ಮಿತಿ ಎಲ್ಲಿದೆ, ಕನ್ನಡ ನಾಡಿನ ಅಂಚೆಯ ಚರಿತ್ರೆಗೆ ಅದು ಯಾವ ಪಾಠವನ್ನು ಕಲಿಸುತ್ತದೆ ಎಂಬ ವಿಷಯಗಳು ಇಲ್ಲಿ ವಿಚಾರಾರ್ಹವಾಗಿವೆ.

೨

ಇಂಗ್ಲೆಂಡಿನಲ್ಲಿ ೧೮೪೦ಕ್ಕೆ ಮುಂಚೆ ಕಾಗದದ ಕೂಲಿ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅನುಸರಿಸಿ ಏರುತ್ತಿತ್ತು; ಸಾಮಾನ್ಯವಾಗಿ ಅದನ್ನು ತೆರುತ್ತಿದ್ದವನು ಕಾಗದವನ್ನು ಪಡೆಯುವವನು. ರೋಲೆಂಡ್ ಹಿಲ್ ೧೮೩೭ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ, ದೂರವನ್ನು ಎಣಿಸದೆ ಒಂದೇ ದರವನ್ನು ಮೊದಲೇ ವಸೂಲು ಮಾಡಬೇಕೆಂದು ವಾದಿಸಿದನು. ಅದರ ಫಲವಾಗಿ ೧೮೪೦ನೆಯ ಮೇ ೬ರಿಂದ ಚಲಾವಣೆಗೆ ಬಂದ ಒಂದು ಪೆನ್ನಿಯ ಕಪ್ಪು ಚೀಟಿಯೇ ಲೋಕದ ಮೊದಲನೆಯ ಅಂಟುವ ಅಂಚೆಚೀಟಿ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಹನ್ನೆರಡರಂತೆ ಇಪ್ಪತ್ತು ಸಾಲು, ಒಟ್ಟು ೨೪೦ ಚೀಟಿಗಳಿದ್ದವು. ಆಗಿನ ಒಂದು ಪೌಂಡಿಗೆ ೨೪೦ ಪೆನ್ನಿಗಳಾದುದರಿಂದ ಹಾಳೆಯ ಬೆಲೆ ಸರಿಯಾಗಿ ಒಂದು ಪೌಂಡು.

ಪ್ರತಿಯೊಂದು ಚೀಟಿಯ ಕೆಳಮೂಲೆಗಳಲ್ಲಿ ಎರಡು ಅಕ್ಷರಗಳಿದ್ದವು. ಎಡದ ಅಕ್ಷರ ಸಾಲನ್ನೂ ಬಲದ ಅಕ್ಷರ ಸಾಲಿನೊಳಗಿನ ಸ್ಥಾನವನ್ನೂ ತೋರಿಸುತ್ತಿತ್ತು. ಕೂಟಚೀಟಿಗಳನ್ನು ತಡೆಯುವುದಕ್ಕಾಗಿ ಮಾಡಿದ ಈ ಏರ್ಪಾಡೇ ಮುಂದಿನ ಸಂಶೋಧಕರಿಗೆ ಕೀಲಿಕೈಯಾಯಿತು. ಅಕ್ಷರಗಳನ್ನು ಲೋಹದ ಫಲಕದ ಮೇಲೆ ಕೈಯಿಂದ ಒತ್ತಿದ್ದುದರಿಂದ, ಒಂದೊಂದು ಫಲಕದಲ್ಲಿ ಅವುಗಳ ಸ್ಥಾನ ಕೂದಲೆಳೆಯಷ್ಟು ಹೆಚ್ಚುಕಡಮೆಯಾಗಿ ಬಿದ್ದಿತು. ಚಾರ್ಲ್ಸ್ ನಿಸೆನ್ ಎಂಬವನು ೧೯೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸೂಕ್ಷ್ಮ ಭೇದಗಳನ್ನು ಹಿಡಿದು, ಬಿಡಿಬಿಡಿಯಾಗಿ ಚದರಿಹೋಗಿದ್ದ ಚೀಟಿಗಳು ಹನ್ನೊಂದು ಫಲಕಗಳಲ್ಲಿ ಯಾವುದಕ್ಕೆ ಸೇರಿದವು ಎಂಬುದನ್ನು ನಿರ್ಣಯಿಸುವ ಬಗೆಯನ್ನು ವಿವರಿಸಿದನು. ಹನ್ನೊಂದು ಫಲಕಗಳಿಗೆ ೨,೬೪೦ ಸ್ಥಾನಗಳು. ಒಂದೊಂದಕ್ಕೂ ಅದರದೇ ಆದ ಲಕ್ಷಣ. ಹರಿದು ಚೆಲ್ಲಾಪಿಲ್ಲಿಯಾದ ಓಲೆಗಳನ್ನು ಜೋಡಿಸಿ ಗ್ರಂಥವನ್ನು ಉದ್ಧರಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಸ್ವರೂಪದಲ್ಲಿ ಭೇದವಿಲ್ಲ.

ಬಣ್ಣದ ಬದಲಾವಣೆಯೂ ಒಂದು ದಾಖಲೆಯೇ. ಮೊದಲು ಕಪ್ಪು ಚೀಟಿಯ ಮೇಲೆ ಕೆಂಪು ಮಸಿಯಿಂದ ರದ್ದುಮುದ್ರೆಯನ್ನು ಒತ್ತುತ್ತಿದ್ದರು. ಆ ಮಸಿಯನ್ನು ತೊಳೆದು ಚೀಟಿಯನ್ನು ಮತ್ತೆ ಉಪಯೋಗಿಸುವ ಸಂಭವವಿದ್ದುದರಿಂದ ೧೮೪೧ರಲ್ಲಿ ಚೀಟಿ ಕೆಂಗಂದು ಬಣ್ಣಕ್ಕೂ ಮುದ್ರೆ ಕಪ್ಪು ಮಸಿಗೂ ತಿರುಗಿದವು. ಅಧಿಕಾರಿಗಳ ಈ ಭೀತಿಯು ಕಡತದಲ್ಲಿ ಉಳಿಯದೆ ಹೋಗಿದ್ದರೂ ಚೀಟಿಗಳ ಸಾಲಿನಲ್ಲಿ ಓದಿಕೊಳ್ಳಬಹುದಾಗಿತ್ತು.

೩

ವ್ಯಾಸಂಗಕ್ಕೆ ಮೊದಲು ಬೇಕಾದುದು ಅಳತೆ. ಪ್ಯಾರಿಸಿನ ವೈದ್ಯನಾದ ಡಾಕ್ಟರ್ ಲಗ್ರಾನ್ ೧೮೬೬ರಲ್ಲಿ, ಚೀಟಿಯ ಅಂಚಿನಲ್ಲಿ ಎರಡು ಸೆಂಟಿಮೀಟರುಗಳ ಉದ್ದಕ್ಕೆ ಎಷ್ಟು ರಂಧ್ರಗಳಿವೆ ಎಂದು ಎಣಿಸುವ ಪಟ್ಟಿಯನ್ನು ಪ್ರಚಾರಕ್ಕೆ ತಂದನು. ನೋಡುವುದಕ್ಕೆ ಅಲ್ಪವಾದ ಈ ಸಾಧನದಿಂದ, ಒಂದೇ ಚಿತ್ರ, ಒಂದೇ ಬೆಲೆ, ಒಂದೇ ಬಣ್ಣವುಳ್ಳ ಎರಡು ಚೀಟಿಗಳು ಬೇರೆ ಬೇರೆ ಯಂತ್ರಗಳಿಂದ, ಹಲವು ವೇಳೆ ಬೇರೆ ಬೇರೆ ಕಾಲಗಳಲ್ಲಿ, ಹೊರಬಿದ್ದವೆಂದು ತೋರಿಸಲು ಸಾಧ್ಯವಾಯಿತು. ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ನೀರ್ಗುರುತು, ಕಾಗದದ ದಪ್ಪ, ಅಂಟಿನ ಗುಣ, ಮಸಿಯ ಛಾಯೆ ಇವು ಕ್ರಮವಾಗಿ ಪರೀಕ್ಷೆಗೆ ಒಳಪಟ್ಟವು. ಲಿಪಿಯ ತಿರುವುಗಳಿಂದ ಶಾಸನದ ಕಾಲವನ್ನು ಗೊತ್ತುಮಾಡುವವರಿಗೆ ಈ ವಿಧಾನ ಅಪರಿಚಿತವಲ್ಲ.

ಭಾರತದ ಮೊದಲ ಚೀಟಿಗಳು ಈ ವಿಧಾನಕ್ಕೆ ಒಳ್ಳೆಯ ನಿದರ್ಶನಗಳು. ಸಿಂಧ ಪ್ರಾಂತದ ಕಮಿಷನರಾಗಿದ್ದ ಬಾರ್ಟಲ್ ಫ್ರಿಯರನು ೧೮೫೨ನೆಯ ಜುಲೈ ೧ರಂದು ‘ಸಿಂಧ್ ಡಾಕ್’ ಎಂಬ ಅರ್ಧ ಆಣೆಯ ಚೀಟಿಯನ್ನು ಬಳಕೆಗೆ ತಂದನು. ಏಷ್ಯಾಖಂಡದಲ್ಲಿಯೇ ಮೊದಲನೆಯದಾದ ಅದು ೧೮೫೪ರಲ್ಲಿ ನಿಂತುಹೋಯಿತು. ದೇಶಕ್ಕೆಲ್ಲ ಸಾಮಾನ್ಯವಾದ ಚೀಟಿಯನ್ನು ಅದೇ ವರ್ಷದ ಅಂಚೆಯ ಶಾಸನದ ಮೇರೆಗೆ ಕಲ್ಕತ್ತೆಯಲ್ಲಿಯೇ ಅಚ್ಚುಮಾಡಬೇಕಾಯಿತು. ದೂರ ಎಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ ಎಂಬುದು ಆ ಶಾಸನದ ಮುಖ್ಯ ವಿಧಿ. ಚೀಟಿಯ ಕೆಲಸವನ್ನು ವಹಿಸಿಕೊಂಡವನು ಭೂಮಾಪನ ಇಲಾಖೆಯ ಕ್ಯಾಪ್ಟನ್ ಥುಯಿಲಿಯರ್. ನಕ್ಷೆಗಳನ್ನು ಅಚ್ಚುಮಾಡುತ್ತಿದ್ದ ಕಲ್ಲಚ್ಚಿನ ಯಂತ್ರಗಳೇ ಅವನ ಬಂಡವಾಳ.

ಅರ್ಧ ಆಣೆಯ ಚೀಟಿಯನ್ನು ಮೊದಲು ಕೆಂಪು ಬಣ್ಣದಲ್ಲಿ ಅಚ್ಚುಮಾಡಿದರು. ಇಂಗ್ಲೆಂಡಿನಿಂದ ಬಂದ ಕೆಂಪು ವರ್ಣ ಮುಗಿಯಿತು. ದೇಶೀಯ ವರ್ಣವನ್ನು ಹಾಕಿದಾಗ ಕಲ್ಲಿನ ಮೇಲಿನ ಅಚ್ಚು ಕೆಟ್ಟಿತು. ಆದಕಾರಣ ಹೊಸ ಅಚ್ಚಿನಿಂದ ನೀಲಿ ಬಣ್ಣದಲ್ಲಿ ಮುದ್ರಿಸಿ, ಅಕ್ಟೋಬರ್ ೧ರಂದು ಮಾರಾಟಕ್ಕೆ ಬಿಟ್ಟರು. ಕಲ್ಲಚ್ಚಿನಲ್ಲಿ ಮೂಲದ ಒಂದು ಚಿತ್ರವನ್ನು ವಿಶೇಷ ಕಾಗದದ ಮೇಲೆ ಎತ್ತಿಕೊಂಡು, ಅದನ್ನು ಮತ್ತೆ ಮತ್ತೆ ಕಲ್ಲಿಗೆ ಇಳಿಸಬೇಕು. ಇಳಿಸುವಾಗ ಗೆರೆ ಮುರಿಯಬಹುದು, ಚುಕ್ಕೆ ಬೀಳಬಹುದು. ನಡುವಣ ಹಂತದಲ್ಲಿ ಬಿದ್ದ ದೋಷ ಒಂದು ಗುಂಪಿನ ಚೀಟಿಗಳಲ್ಲೆಲ್ಲ ಕಾಣುತ್ತದೆ; ಕಟ್ಟಕಡೆಯಲ್ಲಿ ಬಿದ್ದುದು ಹಾಳೆಯ ಒಂದೇ ಸ್ಥಾನದಲ್ಲಿ ಕಾಣುತ್ತದೆ.

ಓಲೆಯ ಪ್ರತಿಗಳನ್ನು ಪರಿಷ್ಕರಿಸುವವರು ಇಲ್ಲಿ ತಮ್ಮ ಪರಿಚಿತ ನ್ಯಾಯವನ್ನೇ ಕಾಣುವರು. ಎರಡು ಪ್ರತಿಗಳಲ್ಲಿ ಶುದ್ಧ ಪಾಠ ಒಂದೇ ಆಗಿದ್ದರೆ ಅದರಿಂದ ಅವುಗಳ ಸಂಬಂಧ ಸಿದ್ಧಿಸುವುದಿಲ್ಲ. ಆದರೆ ಒಂದೇ ಬಗೆಯ ತಪ್ಪು ಎರಡರಲ್ಲಿಯೂ ಇದ್ದರೆ ಅವು ಒಂದೇ ಮೂಲದಿಂದ ಇಳಿದವೆಂದು ಊಹಿಸಲು ಕಾರಣವುಂಟು. ಚೀಟಿಯ ವ್ಯಾಸಂಗದಲ್ಲಿಯೂ ದೋಷವೇ ಪ್ರಮಾಣ. ಅರ್ಧ ಆಣೆಯ ಚೀಟಿಗೂ ಒಂದಾಣೆಯ ಚೀಟಿಗೂ ಮೂರು ಮೂರು ಮೂಲ ಅಚ್ಚುಗಳಿದ್ದವೆಂಬ ನಿರ್ಣಯಕ್ಕೆ ಚೀಟಿಗಳ ಮೇಲಿನ ಇಂತಹ ಸೂಕ್ಷ್ಮ ಭೇದಗಳೇ ಆಧಾರ.

ನಾಲ್ಕಾಣೆಯ ಚೀಟಿ ಇನ್ನೂ ಜಟಿಲವಾದುದು. ಅದಕ್ಕೆ ಎರಡು ಬಣ್ಣ. ಮೊದಲು ಕೆಂಪು ಚೌಕಟ್ಟನ್ನು ಅಚ್ಚುಮಾಡಿ, ಒಣಗಿದ ಮೇಲೆ ಅದೇ ಹಾಳೆಯ ಮೇಲೆ ರಾಣಿಯ ತಲೆಯನ್ನು ನೀಲಿಯಲ್ಲಿ ಒತ್ತುತ್ತಿದ್ದರು. ಎರಡನೆಯ ಸಲ ಹಾಳೆಯನ್ನು ತಿರುಗಿಸಿ ಇಟ್ಟುದರಿಂದ ಕೆಲವು ಚೀಟಿಗಳಲ್ಲಿ ತಲೆ ಕೆಳಗಾಗಿ ಬಿದ್ದಿತು. ಈ ‘ತಲೆಕೆಳಗಾದ’ ಚೀಟಿಗೆ ಹರಾಜಿನಲ್ಲಿ ದೊರೆಯುವ ಬೆಲೆಯೇ ಲೋಕದಲ್ಲಿ ಪ್ರಸಿದ್ಧವಾಗಿದೆ. ವ್ಯಾಸಂಗದ ದೃಷ್ಟಿಯಲ್ಲಿ ಅದರ ಮಹತ್ತ್ವ ಬೇರೆ: ಹಾಳೆ ಯಂತ್ರಕ್ಕೆ ಎರಡು ಸಲ ಹೋಯಿತೆಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ಮಾರ್ಟಿನ್ ಮತ್ತು ಸ್ಮೈಥೀಸ್ ಎಂಬವರು ನಾಲ್ಕಾಣೆಯ ಚೀಟಿಯೊಂದನ್ನು ಕುರಿತೇ ೧೯೩೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇವರಲ್ಲಿ ಸ್ಮೈಥೀಸ್ ಅರಣ್ಯ ಇಲಾಖೆಯ ಅಧಿಕಾರಿ. ಅಂಚೆ ಇಲಾಖೆಯ ಸ್ಟೂವರ್ಟ್-ವಿಲ್ಸನ್ ಇತರ ಇಬ್ಬರೊಡನೆ ಕೂಡಿ ೧೯೦೭ರಲ್ಲಿ ಬ್ರಿಟಿಷ್ ಭಾರತದ ಚೀಟಿಗಳ ಮೇಲೆ ಬರೆದ ಗ್ರಂಥವೂ, ೧೮೯೭ರಲ್ಲಿ ಸ್ಥಾಪಿತವಾದ ಭಾರತದ ಫಿಲಾಟೆಲಿಕ್ ಸೊಸೈಟಿಯ ಪತ್ರಿಕೆಯೂ ಈ ಪರಂಪರೆಗೆ ಸೇರಿದವು. ಬಿಡುವಿನ ವೇಳೆಯ ಕೆಲಸವಾದರೂ ಇವುಗಳ ಶಿಸ್ತು ಬಿಡುವಿನದಲ್ಲ.

೪

ಐತಿಹ್ಯವನ್ನು ದಾಖಲೆಯಿಂದ ಒರೆಹಚ್ಚುವುದು ಎರಡನೆಯ ಕರ್ತವ್ಯ. ಮಾರಿಷಸ್ ದ್ವೀಪದಲ್ಲಿ ೧೮೪೭ನೆಯ ಸೆಪ್ಟೆಂಬರಿನಲ್ಲಿ ಒಂದು ಪೆನ್ನಿಯ ಮತ್ತು ಎರಡು ಪೆನ್ನಿಯ ಚೀಟಿಗಳು, ತಲಾ ಐನೂರರಂತೆ, ಹೊರಟವು. ಜೋಸೆಫ್ ಆಸ್ಮಂಡ್ ಬಾರ್ನಾರ್ಡ್ ಎಂಬವನು ಇವನ್ನು ಕೊರೆದವನು. ಇವುಗಳ ಒಂದು ಬದಿಯಲ್ಲಿ ‘ಪೋಸ್ಟ್ ಆಫೀಸ್’ ಎಂದಿದೆ. ಮರುವರ್ಷದ ಚೀಟಿಗಳಲ್ಲಿ ‘ಪೋಸ್ಟ್ ಪೇಯ್ಡ್’ ಎಂದಿದೆ. ಈ ಭೇದದಿಂದ ಒಂದು ಕಥೆ ಹುಟ್ಟಿತು. ಮುಪ್ಪಿನಿಂದ ಕಣ್ಣು ಮಂಜಾದ ಬಾರ್ನಾರ್ಡನು ಬರೆಯಬೇಕಾದ ಮಾತನ್ನು ಮರೆತು, ಅಂಚೆಯ ಅಧಿಕಾರಿಯನ್ನು ಕೇಳಲು ಹೊರಟನಂತೆ. ದಾರಿಯಲ್ಲಿ ಅಂಚೆಮನೆಯ ಹಲಗೆಯ ಮೇಲಿನ ‘ಪೋಸ್ಟ್ ಆಫೀಸ್’ ಎಂಬುದನ್ನು ಕಂಡು ಅದೇ ಸರಿಯೆಂದು ಹಿಂದಿರುಗಿ ಕೊರೆದನಂತೆ. ೧೯೨೮ರಲ್ಲಿ ಜಾರ್ಜ್ ಬ್ರುನೆಲ್ ಎಂಬ ಫ್ರೆಂಚ್ ಲೇಖಕನ ಗ್ರಂಥದ ಮೂಲಕ ಈ ಕಥೆಗೆ ಹೆಚ್ಚಿನ ಪ್ರಚಾರ ದೊರೆಯಿತು.

ಕಥೆ ರಮ್ಯವಾಗಿದೆ, ಪ್ರಮಾಣಕ್ಕೆ ನಿಲ್ಲುವುದಿಲ್ಲ. ಬಾರ್ನಾರ್ಡನು ೧೮೧೬ರಲ್ಲಿ ಹುಟ್ಟಿದವನೆಂದು ಸಂಶೋಧಕರು ಗೊತ್ತುಮಾಡಿದ್ದಾರೆ. ಚೀಟಿಯನ್ನು ಕೊರೆದಾಗ ಅವನಿಗೆ ಮೂವತ್ತೊಂದು ವಯಸ್ಸು, ಮುಪ್ಪಲ್ಲ. ‘ಪೋಸ್ಟ್ ಆಫೀಸ್’ ಎಂಬ ಮಾತು ಆ ದ್ವೀಪದ ಅಂಚೆಯ ಮುದ್ರೆಗಳಲ್ಲಿ ಅದಕ್ಕೆ ಮೊದಲೇ ರೂಢಿಯಲ್ಲಿತ್ತು. ಚೀಟಿಯ ಮೇಲೆ ಅದನ್ನು ಬರೆಯುವುದರಲ್ಲಿ ಅಸಂಗತಿಯೇನೂ ಇಲ್ಲ. ಇವೆಲ್ಲಕ್ಕಿಂತ ಬಲವಾದ ಸಾಕ್ಷ್ಯ ಒಂದು ಲಕೋಟೆಯದು. ೧೮೫೦ರಲ್ಲಿ ಮಾರಿಷಸ್ಸಿನಿಂದ ಮುಂಬಯಿಗೆ ಬಂದು, ೧೮೯೭ರಲ್ಲಿ ಭಾರತದಲ್ಲಿಯೇ ದೊರೆತ ಒಂದು ಲಕೋಟೆಯ ಮೇಲೆ ಒಂದು ಪೆನ್ನಿಯ ಎರಡು ‘ಪೋಸ್ಟ್ ಆಫೀಸ್’ ಚೀಟಿಗಳಿವೆ. ಮೊದಲನೆಯ ಮುದ್ರಣ ತಪ್ಪೆಂದು ಅಧಿಕಾರಿಗಳು ಭಾವಿಸಿ ಹಿಂತೆಗೆದುಕೊಂಡಿದ್ದರೆ, ಎರಡು ವರ್ಷಗಳ ಮೇಲೆ ಅದೇ ಚೀಟಿಗಳನ್ನು ಅಂಚೆಮನೆ ಅಂಗೀಕರಿಸುತ್ತಿರಲಿಲ್ಲ.

ಗಮನಿಸಬೇಕಾದ ಅಂಶವೊಂದಿದೆ. ಬಿಡಿಯಾದ ಎರಡು ಚೀಟಿಗಳಾಗಿದ್ದರೆ ಇವು ಈ ಸಾಕ್ಷ್ಯವನ್ನು ಹೇಳುತ್ತಿರಲಿಲ್ಲ. ಸಾಕ್ಷ್ಯವಿರುವುದು ಚೀಟಿ, ತಾರೀಖು, ವಿಳಾಸ, ಮುದ್ರೆ ಇವು ನಾಲ್ಕೂ ಒಂದೇ ಕಾಗದದ ಮೇಲೆ ಉಳಿದಿರುವುದರಲ್ಲಿ.

೫

ಬೆಲೆಯಿರುವಲ್ಲಿ ಕೂಟರಚನೆಯೂ ಇರುತ್ತದೆ. ಜಿನೀವದ ಫೂರ್ನಿಯೆ ಎಂಬವನು ತಾನು ಮಾಡಿದ ಪ್ರತಿಕೃತಿಗಳನ್ನು ಬಹಿರಂಗವಾಗಿಯೇ ಮಾರಿದನು; ಅವನ ಮರಣಾನಂತರ ಉಳಿದ ದಾಸ್ತಾನನ್ನು ಅಲ್ಲಿಯ ಸಂಗ್ರಾಹಕರ ಸಂಘವು ಕೊಂಡು ನಾಶಮಾಡಿಸಿತು. ಅವನಿಗಿಂತ ಚತುರನು ಫ್ರಾನ್ಸಿನಲ್ಲಿದ್ದ ಜಾನ್ ದ ಸ್ಪೆರಾತಿ. ಅಗ್ಗದ ನಿಜವಾದ ಚೀಟಿಯೊಂದರ ಚಿತ್ರವನ್ನು ಮಾತ್ರ ರಾಸಾಯನಿಕಗಳಿಂದ ಅಳಿಸಿ, ನಿಜವಾದ ಕಾಗದ, ನಿಜವಾದ ನೀರ್ಗುರುತು, ಎಷ್ಟೋ ವೇಳೆ ನಿಜವಾದ ಅಂಚೆಮುದ್ರೆ ಇವನ್ನು ಉಳಿಸಿಕೊಂಡು, ಅದರ ಮೇಲೆ ಬೆಲೆಯುಳ್ಳ ಚೀಟಿಯ ಚಿತ್ರವನ್ನು ಅಚ್ಚುಮಾಡುವುದು ಅವನ ಕ್ರಮ. ೧೯೪೨ರಲ್ಲಿ ಫ್ರಾನ್ಸಿನ ಸುಂಕದವರು ಅವನ ಪೊಟ್ಟಣವೊಂದನ್ನು ತಡೆದಾಗ ಪರೀಕ್ಷಕರು ಅವು ನಿಜವಾದ ಚೀಟಿಗಳೆಂದೇ ಅಭಿಪ್ರಾಯಪಟ್ಟರು. ಇವು ತನ್ನ ಕೈಕೆಲಸವೆಂದು ಅವನೇ ಹೇಳಬೇಕಾಯಿತು.

ಪಶ್ಚಿಮ ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಇವರಿಗೆ ನಡೆದ ದೀರ್ಘ ವಾದವನ್ನು ಬಲ್ಲವರಿಗೆ ಇದರ ತಾತ್ಪರ್ಯ ಸುಲಭವಾಗಿ ಹೊಳೆಯುವುದು. ಆ ಶಾಸನಗಳಲ್ಲಿ ಅನೇಕವು ಕೂಟವೆಂದು ಫ್ಲೀಟ್ ಸಾಧಿಸಹೊರಟರೆ, ರೈಸ್ ಅವುಗಳ ಪ್ರಾಮಾಣ್ಯವನ್ನು ಎತ್ತಿಹಿಡಿದರು. ಲಿಪಿ, ಭಾಷೆ, ತಿಥಿ, ವಂಶಾವಳಿ ಇವುಗಳಲ್ಲಿ ಒಂದೊಂದನ್ನೇ ಬೇರೆಯಾಗಿ ನೋಡಿದರೆ ಸಾಲದು. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಪರೀಕ್ಷೆ. ಚೀಟಿಯಲ್ಲಿಯೂ ಹಾಗೆಯೇ. ಕಾಗದ ನಿಜ, ಮುದ್ರೆ ನಿಜ ಎಂದ ಮಾತ್ರಕ್ಕೆ ಚಿತ್ರ ನಿಜವಾಗದು. ಮುದ್ರೆಯ ತಾರೀಖಿಗೆ ಆ ಚೀಟಿ ಚಲಾವಣೆಯಲ್ಲಿತ್ತೇ, ಆ ದರ ಆ ದಾರಿಗೆ ಸಲ್ಲುತ್ತಿತ್ತೇ, ಆ ಅಂಚೆಮನೆ ಆಗ ಇತ್ತೇ ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದು ಚೀಟಿಗಳ ಪಟ್ಟಿಯಲ್ಲಲ್ಲ, ಅಂಚೆಯ ಇತಿಹಾಸದಲ್ಲಿ.

ಇಲ್ಲಿಗೆ ಬಂದಾಗ ಈ ವ್ಯಾಸಂಗವು ತನ್ನ ಹಳೆಯ ಅಭ್ಯಾಸವೊಂದಕ್ಕೆ ಪಶ್ಚಾತ್ತಾಪಪಡಬೇಕಾಗಿದೆ. ಮೊದಲ ತಲೆಮಾರುಗಳ ಸಂಗ್ರಾಹಕರು ಚೀಟಿಗಳನ್ನು ಲಕೋಟೆಯಿಂದ ಕತ್ತರಿಸಿ, ನೀರಿನಲ್ಲಿ ನೆನೆಸಿ, ಬಿಡಿಸಿ, ಪುಸ್ತಕದ ಚೌಕಗಳಲ್ಲಿ ಅಂಟಿಸಿದರು, ಲಕೋಟೆಯನ್ನು ಎಸೆದರು. ಶಿಲಾಲೇಖದಿಂದ ರಾಜನ ಹೆಸರನ್ನು ಮಾತ್ರ ಒಡೆದು ತೆಗೆದು ಉಳಿದ ಕಲ್ಲನ್ನು ಕಟ್ಟಡಕ್ಕೆ ಕೊಟ್ಟಂತೆ ಇದು. ಅಂದವಾದ ಸಂಗ್ರಹ ಬೆಳೆಯಿತು. ಎಷ್ಟು ತಾರೀಖುಗಳೂ ದಾರಿಗಳೂ ದರಗಳೂ ಅದರೊಡನೆ ಅಳಿದವೆಂಬುದನ್ನು ಎಣಿಸಲು ಈಗ ಉಪಾಯವಿಲ್ಲ.

೬

ಈ ಮಾತು ಕನ್ನಡ ನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಮಾತನಾಡುವ ಸೀಮೆ ಒಂದೇ ಅಂಚೆಯ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಧಾರವಾಡ ಬೆಳಗಾವಿಗಳು ಮುಂಬಯಿ ಆಧಿಪತ್ಯಕ್ಕೂ, ಮಂಗಳೂರು ಬಳ್ಳಾರಿಗಳು ಮದರಾಸಿಗೂ ಸೇರಿದ್ದು, ಅಲ್ಲಿ ೧೮೫೪ರಿಂದ ಬ್ರಿಟಿಷ್ ಭಾರತದ ಚೀಟಿಗಳು ನಡೆಯುತ್ತಿದ್ದವು. ಕಲಬುರಗಿ, ಬೀದರು, ರಾಯಚೂರುಗಳು ನಿಜಾಮರ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯವು ೧೮೬೯ರಿಂದ ತನ್ನವೇ ಆದ ಚೀಟಿಗಳನ್ನು ಹೊರಡಿಸಿತು. ಮೈಸೂರಿನಲ್ಲಿ ಇವೆರಡಕ್ಕಿಂತ ಬಹಳ ಹಳೆಯದಾದ ಅಂಚೆ ನಡೆಯುತ್ತಿತ್ತು.

ಮೈಸೂರಿನ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು. ಅವರು ೧೬೭೩ರಿಂದ ೧೭೦೪ರವರೆಗೆ ಆಳಿದರು. ಅಂಚೆಯವರು ಕಾಗದವನ್ನು ಸಾಗಿಸುವುದಲ್ಲದೆ, ತಮ್ಮ ತಮ್ಮ ಸೀಮೆಗಳಲ್ಲಿ ನಡೆದ ಗುಟ್ಟಿನ ಸಂಗತಿಗಳನ್ನು ಅರಮನೆಗೆ ತಿಳಿಸುವ ನಂಬಿಕೆಯ ಮನುಷ್ಯರೂ ಆಗಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನ ಅಂಚೆಯ ಸುಧಾರಣೆ ಪ್ರಜೆಗಳ ಕೈಗೆ ಕಾಗದವನ್ನು ಅಗ್ಗವಾಗಿ ಮುಟ್ಟಿಸುವ ವಿಚಾರದಿಂದ ಹೊರಟಿತು. ಮೈಸೂರಿನ ಅಂಚೆ ರಾಜ್ಯದ ಕಿವಿಯಾಗಿ ಹುಟ್ಟಿ, ಕಾಲಕ್ರಮದಲ್ಲಿ ಪ್ರಜೆಗಳ ಕಾಗದಕ್ಕೂ ದಾರಿಯಾಯಿತು. ಹೈದರ್ ಟಿಪ್ಪುಗಳ ಆಳಿಕೆ, ಪೂರ್ಣಯ್ಯನವರ ದಿವಾನಗಿರಿ, ಕಮಿಷನರುಗಳ ಆಡಳಿತ ಇವೆಲ್ಲವನ್ನು ದಾಟಿ ಬಂದ ಈ ಸಂಸ್ಥೆಯು ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, ೧೮೮೯ರಲ್ಲಿ, ಭಾರತ ಸರ್ಕಾರದ ಅಂಚೆಯೊಡನೆ ಸೇರಿಹೋಯಿತು. ‘ಅಂಚೆ’ ಎಂಬ ಹೆಸರು ಮಾತ್ರ ಕನ್ನಡದಲ್ಲಿ ಉಳಿಯಿತು. ಇದೇ ಶಬ್ದದ ಜ್ಞಾತಿಯಾದ ‘ಅಂಚಲ್’ ತಿರುವಾಂಕೂರು ಕೊಚ್ಚಿಗಳ ಅಂಚೆಗೆ ಹೆಸರಾಗಿತ್ತು.

ಆದರೆ ಒಂದು ಭೇದವಿದೆ. ತಿರುವಾಂಕೂರು ೧೮೮೮ರಲ್ಲಿಯೂ ಕೊಚ್ಚಿ ೧೮೯೨ರಲ್ಲಿಯೂ ಚೀಟಿಗಳನ್ನು ಹೊರಡಿಸಿದವು. ಸಂಸ್ಥಾನಗಳ ಅಂಚೆಗಳು ೧೯೫೦-೫೧ರ ಸುಮಾರಿಗೆ ಭಾರತದ ಅಂಚೆಯಲ್ಲಿ ಲೀನವಾಗುವವರೆಗೆ ಅವು ಚಲಾವಣೆಯಲ್ಲಿದ್ದವು. ಆದಕಾರಣ ಲೋಕದ ಸಂಗ್ರಾಹಕರಿಗೆ ಆ ಎರಡು ಅಂಚಲುಗಳು ಪರಿಚಿತವಾಗಿವೆ. ಅವುಗಳನ್ನು ಕುರಿತು ಪಟ್ಟಿಗಳೂ ಪ್ರಬಂಧಗಳೂ ಇವೆ. ಮೈಸೂರಿನ ಅಂಚೆ ಚೀಟಿಯನ್ನೇ ಹೊರಡಿಸಲಿಲ್ಲ. ಚೀಟಿಯ ಪುಸ್ತಕದಲ್ಲಿ ಅದಕ್ಕೆ ಪುಟವಿಲ್ಲ. ಎರಡು ಶತಮಾನಗಳಿಗೂ ಮಿಕ್ಕು ನಡೆದ ಒಂದು ಅಂಚೆ, ನಾಲ್ಕು ವರ್ಷ ಮಾತ್ರ ಚೀಟಿ ಹೊರಡಿಸಿದ ಒಂದು ಸಣ್ಣ ಸಂಸ್ಥಾನಕ್ಕಿಂತ ಸಂಗ್ರಾಹಕರ ಲೋಕದಲ್ಲಿ ಅಪ್ರಸಿದ್ಧವಾಗಬಹುದೆಂದರೆ, ದೋಷ ಅಂಚೆಯದಲ್ಲ, ಅಳತೆಗೋಲಿನದು.

ಚೀಟಿಯಿಲ್ಲದ ಅಂಚೆಗೆ ಸಾಕ್ಷಿ ಕಾಗದವೊಂದೇ. ಮಡಿಸಿದ ಹಾಳೆಯ ಹೊರಬದಿಯ ವಿಳಾಸ, ಅಂಚೆಮನೆಯ ಮುದ್ರೆ, ಕೂಲಿಯನ್ನು ಗುರುತುಹಾಕಿದ ಬರಹ, ಒಳಗಿನ ತಾರೀಖು ಇವನ್ನು ಜೊತೆಯಾಗಿ ಓದಿದರೆ, ಕಾಗದ ಯಾವ ಊರಿನಿಂದ ಯಾವ ಊರಿಗೆ ಎಷ್ಟು ದಿನಗಳಲ್ಲಿ ಮುಟ್ಟಿತು, ಎಷ್ಟು ಕೂಲಿ ಬಿತ್ತು, ಎಲ್ಲಿ ಒಂದು ಅಂಚೆಯಿಂದ ಇನ್ನೊಂದಕ್ಕೆ ಕೈಬದಲಾಯಿತು ಎಂಬುದು ತಿಳಿಯಬಹುದು.

ಸಾಹಿತ್ಯಚರಿತ್ರೆಗೂ ಇದರಿಂದ ಉಪಕಾರವುಂಟು. ಮೊಗ್ಲಿಂಗನು ಮಂಗಳೂರಿನಲ್ಲಿ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದಾಗ, ದೇಶಕ್ಕೆಲ್ಲ ಒಂದೇ ದರವೆಂಬ ವಿಧಿ ಬರುವುದಕ್ಕೆ ಇನ್ನೂ ಹನ್ನೊಂದು ವರ್ಷಗಳಿದ್ದವು. ಪತ್ರಿಕೆ ಎಷ್ಟು ದೂರ ಹೋಗಬಲ್ಲುದೆಂಬುದು ಲೇಖಕನ ಶಕ್ತಿಯಿಂದ ಮಾತ್ರವಲ್ಲ, ಅಂಚೆಯ ದರದಿಂದಲೂ ನಿಶ್ಚಿತವಾಗುತ್ತದೆ. ಗ್ರಂಥಕರ್ತರ ಪತ್ರಗಳನ್ನು ಸಂಪಾದಿಸುವವರೂ ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ಒಳಗಿನ ಕಾಗದಕ್ಕೆ ತಾರೀಖಿಲ್ಲದಿರಬಹುದು. ಲಕೋಟೆಯ ಮುದ್ರೆಗೆ ಇರುತ್ತದೆ. ಪತ್ರವನ್ನು ಇಟ್ಟುಕೊಂಡು ಲಕೋಟೆಯನ್ನು ಬಿಸಾಡಿದರೆ, ಪತ್ರದ ಕಾಲನಿರ್ಣಯಕ್ಕೆ ಇದ್ದ ಒಂದೇ ಆಧಾರವನ್ನು ಬಿಸಾಡಿದಂತಾಗಬಹುದು.

೭

ಅಂಚೆಚೀಟಿಯ ವ್ಯಾಸಂಗಕ್ಕೆ ವಿದ್ವತ್ಸಂಸ್ಥೆಗಳ ಮನ್ನಣೆ ದೊರೆಯದೆ ಇಲ್ಲ. ಟ್ಯಾಪ್ಲಿಂಗ್ ಎಂಬವನ ಸಂಗ್ರಹವು ೧೮೯೧ರಲ್ಲಿ ಅವನ ಮರಣಶಾಸನದ ಮೂಲಕ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಲಂಡನ್ನಿನಲ್ಲಿ ೧೮೬೯ರಲ್ಲಿ ಸ್ಥಾಪಿತವಾದ ಸಂಘ ಇಂದಿಗೂ ನಡೆಯುತ್ತಿದೆ. ಆದರೆ ಮನ್ನಣೆಯಿಂದ ಶಾಸ್ತ್ರವಾಗುವುದಿಲ್ಲ, ಕ್ರಮದಿಂದ ಆಗುತ್ತದೆ. ದೋಷವನ್ನು ಮರೆಮಾಡದೆ ಪ್ರಮಾಣವಾಗಿ ಗ್ರಹಿಸುವುದು, ರಮ್ಯವಾದ ಕಥೆಗೆ ದಾಖಲೆಯನ್ನು ಕೇಳುವುದು, ಒಂದು ಲಕ್ಷಣ ನಿಜವೆಂದು ಎಲ್ಲವನ್ನೂ ನಿಜವೆಂದು ಒಪ್ಪದಿರುವುದು, ವಸ್ತುವನ್ನು ಅದರ ಸನ್ನಿವೇಶದಿಂದ ಕೀಳದಿರುವುದು ಇವು ಈ ವ್ಯಾಸಂಗ ಕಷ್ಟಪಟ್ಟು ಕಲಿತ ನಾಲ್ಕು ನಿಯಮಗಳು. ಕೊನೆಯದನ್ನು ಅದು ತಡವಾಗಿ ಕಲಿತಿತು.

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ವರ್ತಕರ ಕಡತಗಳಲ್ಲಿ, ಶಾನುಭೋಗರ ದಫ್ತರಗಳಲ್ಲಿ ೧೮೮೯ಕ್ಕೆ ಹಿಂದಿನ ಕಾಗದಗಳು ಉಳಿದಿರುವಲ್ಲಿ, ಅವುಗಳ ಮೇಲೆ ಚೀಟಿಯಿಲ್ಲವೆಂಬ ಕಾರಣದಿಂದ ಅವು ಬೆಲೆಯಿಲ್ಲದವುಗಳೆಂದು ತಳ್ಳಿಹಾಕುವುದು ಯುಕ್ತವಲ್ಲ. ಚೀಟಿ ಇಲ್ಲದಿರುವುದೇ ಮೈಸೂರು ಅಂಚೆಯ ಗುರುತು. ಅಂತಹ ಕಾಗದಗಳನ್ನು ಮಡಿಕೆಯೊಡನೆ, ಮುದ್ರೆಯೊಡನೆ, ಹೊರಬದಿಯ ಬರಹದೊಡನೆ ಕಾಪಾಡಿ, ಊರು ತಾರೀಖು ಕೂಲಿಗಳನ್ನು ಪಟ್ಟಿಮಾಡುವ ಕೆಲಸ ನಡೆದರೆ, ಚಿಕ್ಕದೇವರಾಜರ ಕಾಲದಿಂದ ಬಂದ ಒಂದು ಸಂಸ್ಥೆಯ ಚರಿತ್ರೆಗೆ ಕಟ್ಟಡದ ಕಲ್ಲುಗಳು ದೊರೆಯುವುವು.